ಲಾಕ್ ಆದ ಪ್ರೊಸೆಸರ್‌ನ ವೇಗ ಏರುತ್ತಿಲ್ಲವೇ? ತಡೆ ಎಲ್ಲಿದೆ ಎಂದು ಹುಡುಕುವ ಕ್ರಮ

ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ ಪ್ರೊಸೆಸರ್‌ನ ಮಲ್ಟಿಪ್ಲೈಯರ್ (ವೇಗದ ಗುಣಕ) ಏರಿಸಿ, ಸೇವ್ ಮಾಡಿ, ವಿಂಡೋಸ್ ತೆರೆದು ನೋಡಿದರೆ ವೇಗ ಹಿಂದಿನಷ್ಟೇ. ಇನ್ನೊಂದಿಷ್ಟು ಏರಿಸಿದರೂ ಅಷ್ಟೇ. ಲಾಕ್ ಆದ ಪ್ರೊಸೆಸರ್ ಹಿಡಿದು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ದೂರು ಇದೇ. ಅವರಿಗೆ ನಾನು ಹೇಳುವ ಮೊದಲ ಮಾತು: ಏರಿಸುವುದನ್ನು ಸ್ವಲ್ಪ ನಿಲ್ಲಿಸಿ, ನಿಮ್ಮ ಪ್ರೊಸೆಸರ್ ಸದ್ಯಕ್ಕೆ ಯಾವ ಮಿತಿಗೆ ತಾಗಿ ನಿಂತಿದೆ ಅಂತ ನೋಡೋಣ. ಮಲ್ಟಿಪ್ಲೈಯರ್‌ಗೆ ಬೀಗ ಬಿದ್ದಿರುವುದು ನಿಜ. ಆದರೆ ವಿದ್ಯುತ್ ಮಿತಿ, ಉಷ್ಣತೆ, ಮೆಮೊರಿಯ ವೇಗ, ವಿಂಡೋಸ್‌ನ ಪವರ್ ಸೆಟ್ಟಿಂಗ್ ಇವೆಲ್ಲವೂ ವೇಗವನ್ನು ಹಿಡಿದು ನಿಲ್ಲಿಸಬಲ್ಲವು, ಮತ್ತು ಇವುಗಳಲ್ಲಿ ಬಹುಪಾಲು ನಿಮ್ಮ ಕೈಯಲ್ಲೇ ಇವೆ. ತೆಗೆಯಲಾಗದ ಬೀಗದ ಜೊತೆ ಗುದ್ದಾಡುತ್ತಾ, ತೆರೆದೇ ಇರುವ ಬಾಗಿಲನ್ನು ಜನ ನೋಡುವುದಿಲ್ಲ ಎಂಬುದು ನನಗೆ ನಿಜವಾಗಿ ಬೇಸರದ ವಿಷಯ.

ಲೆಕ್ಕ ಸರಳ

ಪ್ರೊಸೆಸರ್‌ನ ವೇಗ ಎಂದರೆ ಬೇಸ್ ಕ್ಲಾಕ್ (ಯಂತ್ರಕ್ಕೆ ತಾಳ ಕೊಡುವ ಗಡಿಯಾರದ ವೇಗ) ಗುಣಿಸು ಮಲ್ಟಿಪ್ಲೈಯರ್. ಇಂದಿನ ಇಂಟೆಲ್ ಚಿಪ್‌ಗಳಲ್ಲಿ ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್. ಮಲ್ಟಿಪ್ಲೈಯರ್ 40 ಇದ್ದರೆ 4 ಗಿಗಾಹರ್ಟ್ಸ್. ಲಾಕ್ ಎಂದರೆ ಆ 40ನ್ನು 45 ಮಾಡಲು ಚಿಪ್ ಒಪ್ಪುವುದಿಲ್ಲ, ಅಷ್ಟೇ.

ಇದು ಇಂದಿನ ಕಟ್ಟುಪಾಡಲ್ಲ. 1990ರ ದಶಕದಲ್ಲಿ ಕಡಿಮೆ ವೇಗದ ಚಿಪ್ ಮೇಲೆ ಹೆಚ್ಚಿನ ವೇಗದ ಅಚ್ಚು ಹಾಕಿ ಮಾರುವವರ ಹಾವಳಿ ಹೆಚ್ಚಾಗಿತ್ತು. ಮಲ್ಟಿಪ್ಲೈಯರ್‌ಗೆ ಬೀಗ ಬೀಳಲು ಅದೂ ಒಂದು ಕಾರಣ. 1998ರಲ್ಲಿ ಬಂದ ಸೆಲೆರಾನ್ 300ಎ ಆಗಲೇ ಲಾಕ್ ಆಗಿತ್ತು, ಮಲ್ಟಿಪ್ಲೈಯರ್ 4.5ರಲ್ಲಿ. ಜನ ಅದನ್ನು ಮುಟ್ಟಲಿಲ್ಲ. ಬಸ್ಸಿನ, ಅಂದರೆ ಆ ಕಾಲದ ಬೇಸ್ ಕ್ಲಾಕ್‌ನ, ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರು. 300ರ ಚಿಪ್ 450ರಲ್ಲಿ ಓಡಿತು. ಲಾಕ್ ಆದ ಪ್ರೊಸೆಸರ್‌ಗೆ ಬೇಸ್ ಕ್ಲಾಕ್ ಏರಿಸಿ ಎಂಬ ಸಲಹೆಯ ಬೇರು ಆ ಕಾಲದಲ್ಲಿದೆ. ಅದು ಇಂದಿನ ಹೆಚ್ಚಿನ ಮದರ್‌ಬೋರ್ಡ್‌ಗಳಲ್ಲಿ ಏಕೆ ನಡೆಯುವುದಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಹೆಸರು ಓದಿ

ಇಂಟೆಲ್ ಡೆಸ್ಕ್‌ಟಾಪ್ ಚಿಪ್‌ನ ಹೆಸರಿನ ಕೊನೆಯಲ್ಲಿ ಕೆ, ಕೆಎಫ್ ಅಥವಾ ಕೆಎಸ್ ಇದ್ದರೆ ಮಲ್ಟಿಪ್ಲೈಯರ್ ತೆರೆದಿದೆ. ಅದೂ ಬೋರ್ಡ್‌ನ ಚಿಪ್‌ಸೆಟ್ (ಬೋರ್ಡ್‌ನ ಕೆಲಸ ನಡೆಸುವ ಚಿಪ್) ಝಡ್ ಸರಣಿಯದಾಗಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಕೆ ಚಿಪ್ ತಂದು ಬಿ660 ಬೋರ್ಡ್‌ನಲ್ಲಿ ಕೂರಿಸಿ ಚಿಪ್ ಕೆಟ್ಟಿದೆ ಎಂದುಕೊಂಡವರನ್ನು ನೋಡಿದ್ದೇನೆ; ಚಿಪ್ ಸರಿಯಾಗಿಯೇ ಇತ್ತು, ಬೋರ್ಡ್ ಬಿಡುತ್ತಿರಲಿಲ್ಲ. ಬರೀ ಎಫ್ ಇದ್ದರೆ ಅದರ ಅರ್ಥ ಒಳಗಿನ ಗ್ರಾಫಿಕ್ಸ್ ಇಲ್ಲ ಎಂದು. ಅದಕ್ಕೂ ಲಾಕ್‌ಗೂ ಸಂಬಂಧವಿಲ್ಲ.

ಎಎಂಡಿ ರೈಜನ್ ಡೆಸ್ಕ್‌ಟಾಪ್ ಚಿಪ್‌ಗಳು ಬಹುಪಾಲು ತೆರೆದೇ ಇರುತ್ತವೆ. ಅಲ್ಲಿ ವೇಗ ಏರದಿದ್ದರೆ ಬೋರ್ಡ್ ನೋಡಿ: ಎ320, ಎ520, ಎ620 ಚಿಪ್‌ಸೆಟ್‌ಗಳು ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲು, ಅಂದರೆ ನಿಗದಿತ ವೇಗದಾಚೆ ಓಡಿಸಲು, ಬಿಡುವುದಿಲ್ಲ. ದೊಡ್ಡ ಕ್ಯಾಶ್ (ಚಿಪ್‌ನ ಒಳಗಿನ ವೇಗದ ಮೆಮೊರಿ) ಇರುವ ಚಿಪ್‌ಗಳ ಕತೆ ಬೇರೆ. 2022ರ 5800ಎಕ್ಸ್3ಡಿ ಲಾಕ್ ಆಗಿ ಬಂತು. 7800ಎಕ್ಸ್3ಡಿಯಲ್ಲಿ ಮಲ್ಟಿಪ್ಲೈಯರ್ ಲಾಕ್ ಇದ್ದರೂ ಓಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಸರ್ ಆಯ್ಕೆ ತೆರೆದಿದೆ; ಅದರಲ್ಲಿ ಓಲ್ಟೇಜ್ ಇಳಿಸಿದರೆ ಬೂಸ್ಟ್ ತಾನಾಗಿ ಹೆಚ್ಚು ಹೊತ್ತು ನಿಲ್ಲುತ್ತದೆ. 9800ಎಕ್ಸ್3ಡಿ ಪೂರ್ತಿ ತೆರೆದಿದೆ. ಎಎಂಡಿಯವರಿಗೆ ಇಷ್ಟು ಸಾಕು, ಇಲ್ಲಿಂದ ಮುಂದೆ ಹೆಚ್ಚಿನ ಮಾತು ಇಂಟೆಲ್‌ದು.

ಅಳೆಯದೆ ಏನನ್ನೂ ಬದಲಿಸಬೇಡಿ

ಬಯಾಸ್ ಅನ್ನು ಡೀಫಾಲ್ಟ್‌ಗೆ ತನ್ನಿ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿ 100 ಶೇಕಡಾ ಇದೆಯೇ ನೋಡಿ. ಯಾರೋ ಬಿಸಿ ಕಡಿಮೆಯಾಗಲಿ ಎಂದು ಅದನ್ನು 99ಕ್ಕೆ ಇಟ್ಟಿದ್ದರೆ ಟರ್ಬೊ (ಕೆಲಸ ಹೆಚ್ಚಾದಾಗ ಚಿಪ್ ತಾನಾಗಿ ಏರಿಸಿಕೊಳ್ಳುವ ವೇಗ) ಏಳುವುದೇ ಇಲ್ಲ, ಚಿಪ್ ಮೂಲ ವೇಗದಲ್ಲೇ ತೆವಳುತ್ತದೆ. ಇಷ್ಟರಿಂದಲೇ ಸಮಸ್ಯೆ ಮುಗಿದ ಯಂತ್ರಗಳುಂಟು.

ಆಮೇಲೆ ಯಂತ್ರದ ಅಂಕಿಗಳನ್ನು ತೋರಿಸುವ ಎಚ್‌ಡಬ್ಲ್ಯೂಇನ್ಫೋ (HWiNFO) ತಂತ್ರಾಂಶ ತೆರೆದು ಸೆನ್ಸರ್ ಪಟ್ಟಿ ಮುಂದಿಟ್ಟುಕೊಳ್ಳಿ. ವೇಗ ಅಳೆಯುವ ಸಿನೆಬೆಂಚ್ ತಂತ್ರಾಂಶದ ಮಲ್ಟಿಕೋರ್ ಪರೀಕ್ಷೆಯನ್ನು ಹತ್ತು ನಿಮಿಷ ಓಡಲು ಬಿಡಿ. ನಾಲ್ಕು ಸಾಲುಗಳ ಮೇಲೆ ಕಣ್ಣಿಡಿ: ಕೋರ್‌ಗಳ ಎಫೆಕ್ಟಿವ್ ಕ್ಲಾಕ್ (ನಿಜವಾಗಿ ಸಿಗುತ್ತಿರುವ ವೇಗ), ಪ್ಯಾಕೇಜ್ ಪವರ್ (ಇಡೀ ಚಿಪ್ ಬಳಸುತ್ತಿರುವ ವ್ಯಾಟ್), ಕೋರ್‌ಗಳ ಉಷ್ಣತೆ, ಮತ್ತು ಯಾವ ಮಿತಿ ತಾಗಿದೆ ಎಂದು ಹೌದು ಅಥವಾ ಇಲ್ಲ ಎಂದು ತೋರಿಸುವ ಸಾಲುಗಳು. ಥ್ರಾಟಲ್‌ಸ್ಟಾಪ್ ಎಂಬ ಚಿಕ್ಕ ತಂತ್ರಾಂಶದ ಲಿಮಿಟ್ಸ್ ಕಿಟಕಿಯಲ್ಲೂ ಇದೇ ಮಾಹಿತಿ ಸಿಗುತ್ತದೆ. ಅಲ್ಲಿ ಕೆಂಪಾದ ಚೌಕ ಎಂದರೆ ಆ ಮಿತಿ ಈ ಕ್ಷಣ ತಡೆಯುತ್ತಿದೆ, ಹಳದಿ ಎಂದರೆ ಸ್ವಲ್ಪ ಮೊದಲು ತಡೆದಿತ್ತು. ಮೊದಲ ಅರ್ಧ ನಿಮಿಷದ ಅಂಕಿ ಒಂದು ಕಡೆ, ಐದನೇ ನಿಮಿಷದ ಅಂಕಿ ಇನ್ನೊಂದು ಕಡೆ ಬರೆದುಕೊಳ್ಳಿ. ನಾನು ಇದಕ್ಕೆ ಕಾಗದವನ್ನೇ ಬಳಸುತ್ತೇನೆ, ಯಂತ್ರ ನಿಂತುಹೋದಾಗ ಕಾಗದ ನಿಲ್ಲುವುದಿಲ್ಲ.

ಈಗ ಓದುವುದು ಸುಲಭ. ವ್ಯಾಟ್ ಸಂಖ್ಯೆ ಮೊದಲು ಮೇಲಿದ್ದು, ಆಮೇಲೆ 65ರಂಥ ದುಂಡು ಅಂಕಿಗೆ ಬಂದು ಅಲ್ಲಾಡದೆ ಕೂತರೆ ತಡೆ ವಿದ್ಯುತ್ ಮಿತಿಯದು. ಉಷ್ಣತೆ 100 ಡಿಗ್ರಿಯ ಸುತ್ತ ಅಂಟಿಕೊಂಡಿದ್ದರೆ ಕೂಲರ್‌ನದು. ಎರಡೂ ಕಡಿಮೆ, ವೇಗವೂ ಕಡಿಮೆ ಎಂದಾದರೆ ಬೋರ್ಡ್‌ನಿಂದ ಏನೋ ಸೂಚನೆ ಬರುತ್ತಿದೆ. ಎಲ್ಲವೂ ಸರಿಯಿದ್ದು, ಎಲ್ಲ ಕೋರ್‌ಗಳೂ ತಮ್ಮ ಪೂರ್ಣ ಟರ್ಬೊದಲ್ಲಿ ಕೊನೆಯತನಕ ಓಡುತ್ತಿದ್ದರೆ ಮಾತ್ರ ನೀವು ನಿಜವಾದ ಲಾಕ್‌ಗೆ ತಾಗಿದ್ದೀರಿ. ನನ್ನ ಮೇಜಿಗೆ ಬಂದ ಯಂತ್ರಗಳಲ್ಲಿ ಹಾಗಿದ್ದವು ಕಡಿಮೆ.

ವಿದ್ಯುತ್ ಮಿತಿ: ನಿಜವಾದ ಲಾಭ ಇಲ್ಲಿದೆ

ಪಿಎಲ್1 ಎಂದರೆ ದೀರ್ಘಕಾಲ ಬಳಸಬಹುದಾದ ವ್ಯಾಟ್. ಪಿಎಲ್2 ಎಂದರೆ ಸ್ವಲ್ಪ ಹೊತ್ತು ಬಳಸಬಹುದಾದದ್ದು. ಆ ಸ್ವಲ್ಪ ಹೊತ್ತನ್ನು ನಿರ್ಧರಿಸುವುದು ಟೌ. ಐ7-10700ಕ್ಕೆ ಇಂಟೆಲ್ ಹೇಳಿದ ಅಂಕಿಗಳು: ಪಿಎಲ್1 65, ಪಿಎಲ್2 224, ಟೌ 28 ಸೆಕೆಂಡ್. ಈ ಚಿಪ್‌ನ ಎಲ್ಲ ಕೋರ್‌ಗಳ ಟರ್ಬೊ 4.6 ಗಿಗಾಹರ್ಟ್ಸ್, ಮೂಲ ವೇಗ 2.9. ಬೋರ್ಡ್ ಈ ಅಂಕಿಗಳನ್ನು ಚಾಚೂ ತಪ್ಪದೆ ಪಾಲಿಸಿದರೆ, ಅರ್ಧ ನಿಮಿಷ ಜಿಗಿದು ಆಮೇಲೆ ಗಂಟೆಗಟ್ಟಲೆ ಮೂರರ ಆಸುಪಾಸಿನಲ್ಲಿ ಓಡುತ್ತದೆ.

ವಿಡಿಯೊ ಎಡಿಟಿಂಗ್ ಮಾಡುವ ಗೆಳೆಯನೊಬ್ಬ ಇದೇ ಚಿಪ್ ಇಟ್ಟುಕೊಂಡು, ಬೇಸ್ ಕ್ಲಾಕ್ ಹೇಗೆ ಏರಿಸುವುದು ಎಂದು ಕೇಳುತ್ತಿದ್ದ. ಅವನ ರೆಂಡರ್ ಓಡುವಾಗ ನೋಡಿದರೆ ಪ್ಯಾಕೇಜ್ ಪವರ್ 65ಕ್ಕೆ ಕಟ್ಟಿಹಾಕಿದಂತಿತ್ತು, ಉಷ್ಣತೆ ಅರವತ್ತರ ಮೇಲೂ ಹೋಗುತ್ತಿರಲಿಲ್ಲ. ಬೇಸ್ ಕ್ಲಾಕ್ ಮುಟ್ಟಲೇ ಇಲ್ಲ. ಪೆಟ್ಟಿಗೆಯ ಜೊತೆ ಬಂದ ಕೂಲರ್ ತೆಗೆದು 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಕೂರಿಸಿದೆವು, ಪಿಎಲ್1 ಅನ್ನು 125ಕ್ಕೆ ಏರಿಸಿದೆವು. ಅದೇ ಚಿಪ್ ರೆಂಡರ್ ಮುಗಿಯುವವರೆಗೆ 4.4ರ ಸುತ್ತ ನಿಂತಿತು. ಬೇಸ್ ಕ್ಲಾಕ್‌ನಿಂದ ಅವನಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ನೂರಕ್ಕೆ ಮೂರು. ಇಲ್ಲಿ ಸಿಕ್ಕಿದ್ದು ಅದರ ಹಲವು ಪಟ್ಟು, ಅದೂ ತಯಾರಕರೇ ಆ ಚಿಪ್‌ಗೆ ಕೊಟ್ಟ ವೇಗದ ಒಳಗೆ.

ಮಾಡುವುದು ಹೀಗೆ. ಬಯಾಸ್‌ನಲ್ಲಿ ಸಿಪಿಯು ಪವರ್ ಮ್ಯಾನೇಜ್‌ಮೆಂಟ್, ಲಾಂಗ್ ಡ್ಯುರೇಷನ್ ಪವರ್ ಲಿಮಿಟ್ ಎಂಬಂಥ ಹೆಸರಿನ ಸಾಲು ಹುಡುಕಿ. ಕೆಲವು ಬೋರ್ಡ್‌ಗಳಲ್ಲಿ ಕೂಲರ್‌ನ ಬಗೆ ಕೇಳಿ ಮಿತಿಯನ್ನು ತಾನೇ ಇಡುತ್ತದೆ. ಆಸ್‌ರಾಕ್‌ನ 400 ಸರಣಿಯ ಬೋರ್ಡ್‌ಗಳಲ್ಲಿ ಬೇಸ್ ಫ್ರೀಕ್ವೆನ್ಸಿ ಬೂಸ್ಟ್ ಎಂಬ ಹೆಸರಿನಲ್ಲಿ ಇರುವುದೂ ಇದೇ. ಒಂದೇ ಸಲ 4095 ಎಂದು ಬರೆದು ಮಿತಿಯನ್ನೇ ತೆಗೆದುಹಾಕಬೇಡಿ. 65ರಿಂದ 80, 80ರಿಂದ 95, ಹೀಗೆ ಮೆಟ್ಟಿಲು ಹತ್ತಿ, ಪ್ರತಿ ಮೆಟ್ಟಿಲಲ್ಲೂ ಹತ್ತು ನಿಮಿಷದ ಪರೀಕ್ಷೆ ಓಡಿಸಿ.

ಹೀಗೆ ನಿಧಾನ ಮಾಡಿ ಎನ್ನುವುದು ಚಿಪ್ ಸುಡುತ್ತದೆ ಎಂದಲ್ಲ. ಚಿಪ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ಬೋರ್ಡ್ ಮೇಲೆ ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ವಿಆರ್‌ಎಂ ಭಾಗ ಇದೆಯಲ್ಲ, ಅದರ ಬಗ್ಗೆ ನನಗೆ ಚಿಂತೆ. ಕಡಿಮೆ ದರ್ಜೆಯ ಬೋರ್ಡ್‌ಗಳಲ್ಲಿ ಅದರ ಮೇಲೆ ಹೀಟ್‌ಸಿಂಕ್ ಇರುವುದಿಲ್ಲ. ಮಿತಿ ಏರಿಸಿದ ಮೇಲೆ ವೇಗ ಏರಿ, ಕೆಲವು ನಿಮಿಷಗಳ ನಂತರ ದಿಢೀರನೆ ಕುಸಿದು, ಮತ್ತೆ ಏರಿ, ಮತ್ತೆ ಕುಸಿಯುತ್ತಿದ್ದರೆ ಬಿಸಿಯಾದ ವಿಆರ್‌ಎಂ, ಬಿಸಿಯಾಗಿದೆ, ವೇಗ ಇಳಿಸು ಎನ್ನುವ ಪ್ರಾಕ್‌ಹಾಟ್ ಸೂಚನೆಯನ್ನು ಚಿಪ್‌ಗೆ ಕಳಿಸುತ್ತಿದೆ ಎಂದು ತಿಳಿಯಿರಿ. ಆಗ ಹತ್ತು ಹದಿನೈದು ವ್ಯಾಟ್ ಇಳಿಸಿ, ಕ್ಯಾಬಿನೆಟ್‌ನ ಗಾಳಿ ಆ ಭಾಗಕ್ಕೆ ತಾಗುವಂತೆ ಮಾಡಿ. ಏರಿಳಿಯುವ 110 ವ್ಯಾಟ್‌ಗಿಂತ ಅಲ್ಲಾಡದ 95 ವ್ಯಾಟ್ ವೇಗವಾಗಿ ಕೆಲಸ ಮುಗಿಸುತ್ತದೆ.

ಬೇಸ್ ಕ್ಲಾಕ್: ಏಕೆ ನಡೆಯುವುದಿಲ್ಲ, ಎಲ್ಲಿ ನಡೆಯುತ್ತದೆ

2011ರ ಸ್ಯಾಂಡಿ ಬ್ರಿಡ್ಜ್‌ನಿಂದ ಇಂಟೆಲ್ ಕ್ಲಾಕ್ ಹುಟ್ಟಿಸುವ ಭಾಗವನ್ನು ಚಿಪ್‌ಸೆಟ್‌ನ ಒಳಗೇ ಸೇರಿಸಿತು. ಒಂದೇ 100 ಮೆಗಾಹರ್ಟ್ಸ್‌ನಿಂದ ಪ್ರೊಸೆಸರ್, ಪಿಸಿಐ ಎಕ್ಸ್‌ಪ್ರೆಸ್ (ಗ್ರಾಫಿಕ್ಸ್ ಕಾರ್ಡ್‌ನ ದಾರಿ), ಸಾಟಾ (ಡಿಸ್ಕ್‌ನ ದಾರಿ), ಯುಎಸ್‌ಬಿ ಎಲ್ಲಕ್ಕೂ ತಾಳ. ಪ್ರೊಸೆಸರ್‌ಗೆಂದು 105 ಮಾಡಿದರೆ ಡಿಸ್ಕ್‌ನ ದಾರಿಯೂ 105ರಲ್ಲಿ ಓಡುತ್ತದೆ. ಆದ್ದರಿಂದ ಅಂಥ ಬೋರ್ಡ್‌ಗಳಲ್ಲಿ 102, 103ರ ಆಚೆ ಹೋಗುವಂತಿಲ್ಲ. ಅದರಾಚೆ ಕಾಣುವ ಲಕ್ಷಣಗಳು: ಡಿಸ್ಕ್ ಕೆಲವೊಮ್ಮೆ ಕಾಣೆಯಾಗುವುದು, ಯುಎಸ್‌ಬಿ ಕೀಬೋರ್ಡ್ ತೊದಲುವುದು, ಗ್ರಾಫಿಕ್ಸ್ ಕಾರ್ಡ್ ಪತ್ತೆಯಾಗದಿರುವುದು. ಇವುಗಳಿಗಿಂತ ಕೆಟ್ಟದ್ದು ಯಾವ ಲಕ್ಷಣವನ್ನೂ ತೋರಿಸದೆ ಕಡತಗಳು ಕೆಡುವುದು. ಬೇಸ್ ಕ್ಲಾಕ್ ಮುಟ್ಟುವ ಮೊದಲು ಮುಖ್ಯವಾದ ಕಡತಗಳ ಪ್ರತಿಯನ್ನು ಯಂತ್ರದಿಂದ ಹೊರಗೆ ಇಟ್ಟುಕೊಳ್ಳಿ. ಫೋಟೊಗಳು, ಓದಿನ ಕೆಲಸ, ಲೆಕ್ಕಪತ್ರ ಯಾವುದೂ ಮೂರು ಶೇಕಡಾ ವೇಗಕ್ಕೆ ಪಣ ಇಡುವಂಥದ್ದಲ್ಲ.

ಆದರೂ ಆ ಎರಡು ಮೂರು ಮೆಗಾಹರ್ಟ್ಸ್ ಬೇಕೆಂದರೆ ಅರ್ಧರ್ಧ ಹೆಜ್ಜೆಯಲ್ಲಿ ಏರಿಸಿ. ಮೆಮೊರಿಯೂ ಜೊತೆಗೆ ಏರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ: ಡಿಡಿಆರ್4-3200 ಬೇಸ್ ಕ್ಲಾಕ್ 103ರಲ್ಲಿ 3296 ಆಗುತ್ತದೆ. ಯಂತ್ರ ಬೂಟ್ ಆಗದಿದ್ದರೆ ತಪ್ಪು ಪ್ರೊಸೆಸರ್‌ನದೋ ಮೆಮೊರಿಯದೋ ತಿಳಿಯದೆ ಒದ್ದಾಡಬೇಕಾಗುತ್ತದೆ. ಮೆಮೊರಿಯನ್ನು ಮೊದಲು ಒಂದು ಹಂತ ಕೆಳಗಿಳಿಸಿ, ಆಮೇಲೆ ಕ್ಲಾಕ್ ಏರಿಸಿ. ಬೇಸ್ ಕ್ಲಾಕ್ 100ರ ಬದಲು 99.8 ಎಂದು ತೋರಿಸುತ್ತಿದ್ದರೆ ಕ್ಲಾಕ್ ಅನ್ನು ತುಸು ಅಲ್ಲಾಡಿಸುವ ಸ್ಪ್ರೆಡ್ ಸ್ಪೆಕ್ಟ್ರಮ್ ಆಯ್ಕೆ ಚಾಲೂ ಇರಬಹುದು, ಗಾಬರಿಪಡಬೇಕಿಲ್ಲ.

ಎರಡು ಅಪವಾದಗಳು ಇತಿಹಾಸದಲ್ಲಿವೆ. 2015ರ ಸ್ಕೈಲೇಕ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್‌ನ ಕ್ಲಾಕ್ ಬೇರೆಯಾಯಿತು. ಆ ವರ್ಷದ ಕೊನೆಯಲ್ಲಿ ಕೆಲವು ಬೋರ್ಡ್ ತಯಾರಕರು ಲಾಕ್ ಆದ ಚಿಪ್‌ಗಳಿಗೂ ಬೇಸ್ ಕ್ಲಾಕ್ ತೆರೆಯುವ ಬಯಾಸ್ ಕೊಟ್ಟರು. 2016ರ ಆರಂಭದಲ್ಲಿ ಇಂಟೆಲ್ ಮೈಕ್ರೋಕೋಡ್ (ಚಿಪ್‌ನ ಒಳಗಿನ ತಂತ್ರಾಂಶ) ಮೂಲಕ ಅದನ್ನು ಮುಚ್ಚಿತು. ಇಂದಿಗೂ ಐ5-6400ರಂಥ ಚಿಪ್ ಇಟ್ಟುಕೊಂಡು ಹಳೆಯ ಬಯಾಸ್ ಹುಡುಕುವವರಿದ್ದಾರೆ. ಅವರು ತಿಳಿದಿರಬೇಕಾದದ್ದು: ಆ ಸ್ಥಿತಿಯಲ್ಲಿ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ, ಟರ್ಬೊ ಮತ್ತು ವಿದ್ಯುತ್ ಉಳಿಸುವ ಸ್ಥಿತಿಗಳು ನಿಲ್ಲುತ್ತವೆ, ಎವಿಎಕ್ಸ್ (ಭಾರೀ ಲೆಕ್ಕಗಳ ವಿಶೇಷ ಆದೇಶಗಳು) ಬಳಸುವ ಕೆಲಸಗಳು ತೀರಾ ನಿಧಾನವಾಗುತ್ತವೆ, ಕೋರ್‌ನ ಉಷ್ಣತೆ ಸರಿಯಾಗಿ ತೋರುವುದಿಲ್ಲ. ಉಷ್ಣತೆ ಒಂದೇ ಅಂಕಿಯಲ್ಲಿ ನಿಂತಿದ್ದರೆ ಸೆನ್ಸರ್ ಸತ್ತಿಲ್ಲ, ಇದರದೇ ಪರಿಣಾಮ.

ಎರಡನೆಯದು ಇಂಟೆಲ್‌ನ 12ನೇ ಪೀಳಿಗೆ. 2022ರ ಜನವರಿಯಲ್ಲಿ ಜರ್ಮನಿಯ ಓವರ್‌ಕ್ಲಾಕರ್ ಡೆರ್‌ಬೌಅರ್ ಲಾಕ್ ಆದ ಐ5-12400 ಅನ್ನು 5 ಗಿಗಾಹರ್ಟ್ಸ್ ದಾಟಿಸಿ ತೋರಿಸಿದರು. ಎಲ್ಲ ಕೋರ್‌ಗಳ ಮಲ್ಟಿಪ್ಲೈಯರ್ 40. ಬೇಸ್ ಕ್ಲಾಕ್ 130 ಆದರೆ 5.2. ಆದರೆ ಇದಕ್ಕೆ ಹೊರಗಿನ ಕ್ಲಾಕ್ ಜನರೇಟರ್ ಇರುವ ಬೋರ್ಡೇ ಬೇಕು. ಅಂಥವು ಕೆಲವೇ: ಆಸುಸ್‌ನ ಕೆಲವು ರಾಗ್ ಬೋರ್ಡ್‌ಗಳು, ಎಂಎಸ್‌ಐನ ಬಿ660ಎಂ ಮಾರ್ಟರ್ ಮ್ಯಾಕ್ಸ್. ನಿಮ್ಮ ಬೋರ್ಡ್‌ನಲ್ಲಿ 103ರ ಆಚೆ ಏನೇ ಮಾಡಿದರೂ ಯಂತ್ರ ಏಳುತ್ತಿಲ್ಲ ಎಂದರೆ ಆ ಭಾಗವೇ ಇಲ್ಲ. ಓಲ್ಟೇಜ್ ಏರಿಸಿ ಪ್ರಯೋಜನವಿಲ್ಲ, ದಯವಿಟ್ಟು ಏರಿಸಬೇಡಿ. ಭಾಗ ಇದ್ದೂ ಆಯ್ಕೆ ಕಾಣುತ್ತಿಲ್ಲ ಎಂದರೆ ಬಯಾಸ್ ಆವೃತ್ತಿಯ ಟಿಪ್ಪಣಿ ಓದಿ.

ಹಳೆಯ ಯಂತ್ರದವರಿಗೆ ಒಂದು ಸಂತೋಷದ ಸುದ್ದಿ: ಸ್ಯಾಂಡಿ ಬ್ರಿಡ್ಜ್ ಮತ್ತು ಐವಿ ಬ್ರಿಡ್ಜ್‌ನ ಟರ್ಬೊ ಇರುವ ಲಾಕ್ ಆದ ಐ5, ಐ7 ಚಿಪ್‌ಗಳಲ್ಲಿ ಮಲ್ಟಿಪ್ಲೈಯರ್ ನಾಲ್ಕು ಹೆಜ್ಜೆ ತೆರೆದಿತ್ತು. ಝಡ್77 ಬೋರ್ಡ್‌ನಲ್ಲಿ ಐ5-3470ರ 3.6 ಟರ್ಬೊ 4.0 ಆಗುತ್ತದೆ. ಹ್ಯಾಸ್‌ವೆಲ್‌ನಲ್ಲಿ ಅದನ್ನು ತೆಗೆದರು. ಐ5-4460 ಇಟ್ಟುಕೊಂಡು 3470ರ ಪಾಠ ಅನುಸರಿಸಿದರೆ ಏನೂ ಆಗುವುದಿಲ್ಲ.

ಓಲ್ಟೇಜ್ ಇಳಿಸಿದ ಮೇಲೆ ನಿಧಾನವಾಯಿತೇ?

12ನೇ ಪೀಳಿಗೆಯ ಲಾಕ್ ಆದ ಚಿಪ್‌ಗಳಲ್ಲಿ ಇದು ಜನರನ್ನು ತುಂಬಾ ಗೊಂದಲಕ್ಕೆ ತಳ್ಳುತ್ತದೆ. ಓಲ್ಟೇಜ್ ಇಳಿಸುತ್ತಾರೆ, ಉಷ್ಣತೆ ಇಳಿಯುತ್ತದೆ, ವೇಗ 4.0 ಎಂದೇ ತೋರುತ್ತದೆ, ಆದರೆ ಸಿನೆಬೆಂಚ್ ಅಂಕ ಬಿದ್ದುಹೋಗಿರುತ್ತದೆ. ಸಿಇಪಿ ಎಂಬ ರಕ್ಷಣೆ ಓಲ್ಟೇಜ್ ಕೊರತೆ ಕಂಡು ಕ್ಲಾಕ್ ಅನ್ನು ಹಿಗ್ಗಿಸುತ್ತಿರುತ್ತದೆ. ಅದಕ್ಕೇ ನಾನು ಎಫೆಕ್ಟಿವ್ ಕ್ಲಾಕ್ ಸಾಲನ್ನು ನೋಡಿ ಎಂದದ್ದು: ಸಾಧಾರಣ ಸಾಲು 4.0 ಎಂದರೂ ಆ ಸಾಲು ಸತ್ಯ ಹೇಳುತ್ತದೆ. ಅಂಕ ಮೊದಲಿನಷ್ಟಾಗುವವರೆಗೆ ಓಲ್ಟೇಜ್ ಅನ್ನು ಹಿಂದಕ್ಕೆ ಏರಿಸಿ.

ಲ್ಯಾಪ್‌ಟಾಪ್‌ಗಳಲ್ಲಿ ಓಲ್ಟೇಜ್ ಇಳಿಸುವ ಆಯ್ಕೆಯೇ ಬೂದುಬಣ್ಣದಲ್ಲಿ ಮುಚ್ಚಿದ್ದರೆ ಅದರ ಹಿಂದೆ 2019ರ ಡಿಸೆಂಬರ್‌ನಲ್ಲಿ ಬಯಲಾದ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಇದೆ. ಓಲ್ಟೇಜ್ ಇಳಿಸಿ ಚಿಪ್‌ನ ಸುರಕ್ಷಿತ ಭಾಗದ ಲೆಕ್ಕ ತಪ್ಪಿಸಬಹುದು ಎಂದು ಸಂಶೋಧಕರು ತೋರಿಸಿದ ಮೇಲೆ ತಯಾರಕರು ಬಯಾಸ್‌ನಲ್ಲೇ ಮುಚ್ಚಿದರು. ಇನ್ನು ಲ್ಯಾಪ್‌ಟಾಪ್ ಏನು ಮಾಡಿದರೂ 800 ಮೆಗಾಹರ್ಟ್ಸ್‌ನ ಸುತ್ತಲೇ ನಿಂತಿದ್ದರೆ ಓವರ್‌ಕ್ಲಾಕ್ ಮಾತು ಬಿಟ್ಟು ಚಾರ್ಜರ್ ನೋಡಿ. ಯಂತ್ರ ಗುರುತಿಸದ ಚಾರ್ಜರ್, ಹಾಳಾದ ಪಿನ್, ಸತ್ತ ಬ್ಯಾಟರಿ ಇವುಗಳಿಂದ ಬಿ.ಡಿ. ಪ್ರಾಕ್‌ಹಾಟ್ (BD PROCHOT), ಅಂದರೆ ಚಿಪ್‌ಗೆ ಹೊರಗಿನಿಂದ ಬರುವ ಪ್ರಾಕ್‌ಹಾಟ್ ಸೂಚನೆ, ನಿರಂತರ ಬರುತ್ತಿರುತ್ತದೆ. ಥ್ರಾಟಲ್‌ಸ್ಟಾಪ್‌ನಲ್ಲಿ ಅದನ್ನು ಆಫ್ ಮಾಡಬಹುದು, ಆದರೆ ಮೂಲ ಕಾರಣ ತಿಳಿಯುವ ಮೊದಲು ಆಫ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ನಿಜವಾಗಿ ಬಿಸಿಯಾದಾಗ ಕೂಗುವುದೂ ಅದೇ ತಂತಿ.

ಮೆಮೊರಿ

ಮೆಮೊರಿಯನ್ನು ಅದರ ಮೇಲೆ ಬರೆದ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿದರೂ 2666ರಲ್ಲೇ ನಿಂತರೆ ಚಿಪ್‌ಸೆಟ್ ನೋಡಿ. ಬಿ460ರಲ್ಲಿ ಐ5-10400ಕ್ಕೆ ಅದೇ ಗರಿಷ್ಠ. 2021ರ ಬಿ560, ಎಚ್570ರಿಂದ ಮೆಮೊರಿ ಓವರ್‌ಕ್ಲಾಕ್ ತೆರೆಯಿತು. 12ನೇ ಪೀಳಿಗೆಯ ಲಾಕ್ ಆದ ಚಿಪ್‌ಗಳಲ್ಲಿ ಸಿಸ್ಟಮ್ ಏಜೆಂಟ್ ಎಂಬ, ಮೆಮೊರಿ ನಿಯಂತ್ರಿಸುವ ಭಾಗದ ಓಲ್ಟೇಜ್ ಲಾಕ್ ಆಗಿರುವುದರಿಂದ ಗೇರ್ 1ರಲ್ಲಿ (ನಿಯಂತ್ರಕವೂ ಮೆಮೊರಿಯೂ ಒಂದೇ ವೇಗದಲ್ಲಿ ಓಡುವ ಸ್ಥಿತಿ) 3600 ಹಠ ಮಾಡಬಹುದು. 3200 ಅಥವಾ 3400ಕ್ಕೆ ಇಳಿದು ಟೈಮಿಂಗ್ ಬಿಗಿ ಮಾಡುವುದೇ ಒಳ್ಳೆಯದು. ಆಟ ಆಡುವವರಿಗೆ ಇದರಿಂದ ಸಿಗುವ ಲಾಭ ಬೇಸ್ ಕ್ಲಾಕ್‌ನ ಮೂರು ಶೇಕಡಾಕ್ಕಿಂತ ಹೆಚ್ಚು.

ಪರದೆ ಕಪ್ಪಾಗಿ ನಿಂತರೆ

ಮೆಮೊರಿ ಬದಲಿಸಿದ್ದರೆ ತಕ್ಷಣ ಪವರ್ ಗುಂಡಿ ಒತ್ತಬೇಡಿ, ಕೆಲವು ನಿಮಿಷ ಬಿಡಿ. ಬೋರ್ಡ್ ತಾನೇ ಕೆಲವು ಸಲ ಪ್ರಯತ್ನಿಸಿ ಹಳೆಯ ಸ್ಥಿತಿಗೆ ಮರಳುವುದುಂಟು. ಮರಳದಿದ್ದರೆ ವಿದ್ಯುತ್ ತಂತಿ ಕಿತ್ತು, ಪವರ್ ಗುಂಡಿ ಒತ್ತಿ ಹಿಡಿದು ಉಳಿದ ವಿದ್ಯುತ್ ಖಾಲಿ ಮಾಡಿ, ಬಯಾಸ್ ಸೆಟ್ಟಿಂಗ್ ಅಳಿಸುವ ಕ್ಲಿಯರ್ ಸಿಮಾಸ್ ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಜೋಡಿಸಿ. ಪಿನ್ ಸಿಗದಿದ್ದರೆ ಸಿಆರ್2032 ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿ.

ಸ್ಥಿರವಾಗಿದೆಯೇ ಎಂದು ತಿಳಿಯುವುದು

ಯಂತ್ರ ನಿಲ್ಲಲಿಲ್ಲ ಎಂದ ಮಾತ್ರಕ್ಕೆ ಸರಿಯಾಗಿದೆ ಎಂದಲ್ಲ. ಮೆಮೊರಿಗೆ ಮೆಮ್‌ಟೆಸ್ಟ್86 ರಾತ್ರಿಯಿಡೀ, ಪ್ರೊಸೆಸರ್‌ಗೆ ಒಸಿಸಿಟಿ ಅಥವಾ ಪ್ರೈಮ್95 ಒಂದು ಗಂಟೆ. ಆಮೇಲೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಪಟ್ಟಿಯಲ್ಲಿ ವ್ಹಿಯಾ-ಲಾಗರ್ (WHEA-Logger) ಹೆಸರು ಹುಡುಕಿ. ಐಡಿ 19 ಇದ್ದರೆ ತಪ್ಪು ನಡೆದು ಸರಿಪಡಿಸಲಾಗಿದೆ ಎಂದರ್ಥ. ಪರದೆಯ ಮೇಲೆ ಏನೂ ಕಾಣದಿದ್ದರೂ ನಾನು ಅದನ್ನು ಸೋಲೆಂದೇ ಎಣಿಸಿ ಒಂದು ಹೆಜ್ಜೆ ಹಿಂದೆ ಬರುತ್ತೇನೆ. ನೀಲಿ ಪರದೆಯಲ್ಲಿ ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್ ಎಂದು ಬಂದರೆ ಮೊದಲು ಬೇಸ್ ಕ್ಲಾಕ್ ಮತ್ತು ಓಲ್ಟೇಜ್ ಅನ್ನು ಅನುಮಾನಿಸಿ.

ಎಲ್ಲ ಸರಿಬಂದ ಮೇಲೆ ಬಯಾಸ್‌ನ ಪ್ರತಿ ಪುಟದ ಫೋಟೊ ಮೊಬೈಲ್‌ನಲ್ಲಿ ತೆಗೆದಿಡಿ. ಮುಂದೆ ಬಯಾಸ್ ಅಪ್‌ಡೇಟ್ ಮಾಡಿದಾಗ ಪಿಎಲ್1, ಎಕ್ಸ್‌ಎಂಪಿ ಎಲ್ಲ ಡೀಫಾಲ್ಟ್‌ಗೆ ಹೋಗುತ್ತವೆ, ಜೊತೆಗೆ ಬಂದ ಮೈಕ್ರೋಕೋಡ್ ಹಳೆಯ ಆಯ್ಕೆಯೊಂದನ್ನು ಮುಚ್ಚಿರಲೂಬಹುದು. ಅಪ್‌ಡೇಟ್ ಆದ ಮೇಲೆ ಹತ್ತು ನಿಮಿಷದ ಆ ಮೊದಲ ಪರೀಕ್ಷೆಯನ್ನು ಮತ್ತೆ ಓಡಿಸಿ, ಕಾಗದದ ಅಂಕಿಗಳ ಪಕ್ಕದಲ್ಲಿ ಹೊಸ ಅಂಕಿಗಳನ್ನು ಬರೆಯಿರಿ.